ಪುರವಂತನ ನಾಲಿಗೆ, ನನ್ನ ಬೆರಳು

ಹಲ್ಲಿನ ಡಾಕ್ಟರ ಬಳಿ ನಾಲಿಗೆ ತೋರಿಸಲು ಯಾರೂ ಬರುವುದಿಲ್ಲ. ಹಲ್ಲು ತೋರಿಸಲು ಬರುತ್ತಾರೆ. ನಾಲಿಗೆ ಕರೆಯದೆ ಬಂದ ಬೀಗರ ಹಾಗೆ ಜೊತೆಗೆ ಬಂದಿರುತ್ತದೆ. ನಾವೂ ಅದನ್ನು ಹಾಗೆಯೇ ನಡೆಸಿಕೊಳ್ಳುತ್ತೇವೆ. ಕನ್ನಡಿಯಿಂದ ಒಂದು ಬದಿಗೆ ಒತ್ತಿ ಹಿಡಿದು ನಮ್ಮ ಕೆಲಸ ನೋಡಿಕೊಳ್ಳುತ್ತೇವೆ. ಕುಂದಗೋಳದ ಬಸ್ ನಿಲ್ದಾಣದ ಎದುರಿನ ಒಂದು ಕೋಣೆಯಲ್ಲಿ ನಾನು ಆಯುಷ್ಯವೆಲ್ಲ ಹಲ್ಲು ಕಿತ್ತೆ, ತುಂಬಿದೆ, ಕಟ್ಟಿದೆ. ಸುತ್ತಿನ ಊರಿನವರಿಗೆ ನಾನು ಬಾಯಾರು, ಎಂದರೆ ಡಾಕ್ಟರಮ್ಮ. ಕೈ ನಡುಗಲು ಶುರುವಾದ ಮೇಲೆ ಬಾಗಿಲು ಹಾಕಿ ಮನೆಗೆ ಬಂದೆ. ಈ ಕೆಲಸಕ್ಕೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರಿಗೆ ಹಲ್ಲಿನ ಬಗ್ಗೆ ನಾನು ಹೇಳಬೇಕಾದದ್ದು ಏನೂ ಉಳಿದಿಲ್ಲ. ಅದೆಲ್ಲ ಪುಸ್ತಕದಲ್ಲಿದೆ, ಈಗ ಮೊಬೈಲಿನಲ್ಲೂ ಇದೆ. ನಾನು ಬರೆಯಲು ಕೂತದ್ದು ನಾಲಿಗೆಯ ಬಗ್ಗೆ. ಅದರಲ್ಲೂ ವೀರಪ್ಪನೆಂಬ ಪುರವಂತನ ನಾಲಿಗೆಯ ಬಗ್ಗೆ. ಅವನಿಗಿಂತ ಮೊದಲು ಬೇರೆ ಕೆಲವು ನಾಲಿಗೆಗಳನ್ನು ದಾಟಿ ಹೋಗಬೇಕು, ಯಾಕೆಂದರೆ ನಾನು ಕಲಿತದ್ದು ಅವುಗಳಿಂದ.

ನಮ್ಮ ಕಡೆ ನಾಲಿಗೆಯ ರೋಗಕ್ಕೆಲ್ಲ ಕಾರಣ ಒಂದೇ: ಉಷ್ಣ. ಔಷಧವೂ ಒಂದೇ: ಬಿ ಕಾಂಪ್ಲೆಕ್ಸ್ ಗುಳಿಗೆ. ಗುಣವಾದರೆ ಗುಳಿಗೆಯಿಂದ ಗುಣವಾಯಿತು, ಆಗದಿದ್ದರೆ ಉಷ್ಣ ಹೆಚ್ಚಿದೆ. ಮೆಡಿಕಲ್ ಅಂಗಡಿಯವರು ರೋಗಿಯ ಬಾಯಿ ತೆರೆಸದೆಯೇ ಚಿಕಿತ್ಸೆ ಮುಗಿಸುತ್ತಿದ್ದರು. ಅಷ್ಟು ಚೊಕ್ಕ ಕೆಲಸ ನನಗೆ ಕೊನೆಯವರೆಗೂ ಸಾಧಿಸಲಿಲ್ಲ.

ಯರಗುಪ್ಪಿಯ ಒಬ್ಬ ಮಾಸ್ತರರು ಬೆಳಿಗ್ಗೆ ಎದ್ದ ಕೂಡಲೇ ಕನ್ನಡಿಯ ಮುಂದೆ ನಾಲಿಗೆ ಚಾಚುತ್ತಿದ್ದರು. ಅವರ ನಾಲಿಗೆಯ ಮೇಲೆ ಕೆಂಪು ತೇಪೆಗಳು, ಸುತ್ತ ಬಿಳಿ ಅಂಚು, ನಕಾಶೆ ಬರೆದಂತೆ. "ಬಾಯಾರ, ನಿನ್ನೆ ಇದು ಬಲಕ್ಕಿತ್ತು, ಇವತ್ತ ಎಡಕ್ಕ ಬಂದೈತ್ರಿ. ಅಡ್ಡಾಡಾಕ ಹತ್ತೇತಿ!" ಎಂದು ಗಾಬರಿಯಿಂದ ಹೇಳಿದರು. ಅದು ಅಡ್ಡಾಡುವ ಜಾತಿಯದೇ. ಕೆಲವರಿಗೆ ಹಾಗೆ ಇರುತ್ತದೆ, ಬರುತ್ತದೆ, ಹೋಗುತ್ತದೆ, ಯಾರನ್ನೂ ಕೊಲ್ಲುವುದಿಲ್ಲ. ಉರಿ ಬಂದಾಗ ಖಾರ ಕಡಿಮೆ ಮಾಡಬೇಕು, ಅಷ್ಟೇ. "ಏನೂ ಔಷಧ ಬ್ಯಾಡ್ರಿ ಸರ್" ಎಂದೆ. ಮಾಸ್ತರರ ಮುಖ ಸಣ್ಣದಾಯಿತು. ಅಷ್ಟು ದಿನ ಸಾಕಿದ ರೋಗಕ್ಕೆ ನಾನು ಮರ್ಯಾದೆ ಕೊಡಲಿಲ್ಲ. ಮುಂದೆ ಅವರು ಹುಬ್ಬಳ್ಳಿಗೆ ಹೋಗಿ ಒಂದು ಚೀಲ ಔಷಧ ತಂದು ಸಮಾಧಾನಪಟ್ಟರು.

ಬಮ್ಮಿಗಟ್ಟಿಯ ಒಬ್ಬ ಗೌಡರದು ಇನ್ನೂ ದೊಡ್ಡ ಕಥೆ. ಜ್ವರಕ್ಕೆಂದು ಬಹಳ ದಿನ ಔಷಧ ನುಂಗಿದ್ದರು. ಬೀಡಿ, ಚಹಾ ಬಿಟ್ಟಿರಲಿಲ್ಲ, ನಾಲಿಗೆ ತಿಕ್ಕುವ ರೂಢಿ ಇರಲಿಲ್ಲ. ನಾಲಿಗೆಯ ಮೇಲಿನ ಎಳೆಗಳು ಕೂದಲಿನಂತೆ ಬೆಳೆದು ಕಪ್ಪಾಗಿದ್ದವು. ಮಗಳು ಜುಲುಮೆಯಿಂದ ಕರೆತಂದಿದ್ದಳು. ಮೆತ್ತನೆಯ ಬ್ರಷ್ಷಿನಿಂದ ದಿನಾ ತಿಕ್ಕಲು ಹೇಳಿ, ಬೀಡಿ ಬಿಡಿಸಿದೆ. ನಾಲಿಗೆ ಕೂಸಿನ ನಾಲಿಗೆಯಂತೆ ಕೆಂಪಾಯಿತು. ನಾನು ಹಿಗ್ಗುತ್ತಿರುವಾಗ ಗೌಡರು ತಕರಾರು ಹೇಳಲು ಬಂದರು.

"ಕರಿನಾಲಗಿ ಐತಿ, ಅಂದದ್ದು ಹತ್ತತೈತಿ ಅಂತ ಊರ ಮಂದಿ ನನಗ ಅಂಜತಿದ್ರು ರೀ. ನನ್ನ ನೀರಿನ ಪಾಳಿ ತಪ್ಪಸಾಕ ಒಬ್ಬನಿಗೂ ಧೈರ್ಯ ಇರಲಿಲ್ಲ. ಈಗ ಸ್ವಂತ ಅಳಿಯ ಸುದ್ದಾ ಕಿಮ್ಮತ್ತು ಕೊಡವಲ್ಲ. ಮತ್ತ ಕಪ್ಪ ಮಾಡಾಕ ಏನರ ಔಷಧ ಐತೇನ್ರಿ?"

ಇಲ್ಲವೆಂದೆ. ಬೀಡಿ ಇದೆಯಲ್ಲ ಎಂದು ಅವರಿಗೇ ಹೊಳೆದಿರಬೇಕು, ಮತ್ತೆ ನನ್ನ ಕಡೆ ಬರಲಿಲ್ಲ.

ಇವು ನಗುವಂಥವು. ಎಲ್ಲವೂ ಹಾಗಿರಲಿಲ್ಲ. ಒಂದು ದಿನ ಒಬ್ಬ ಅತ್ತೆ ಸೊಸೆಯನ್ನು ಮುಂದೆ ನೂಕಿಕೊಂಡು ಬಂದಳು. "ನಮ್ಮ ಮನಿ ಖಾರ ಈಕಿಗೆ ಆಗಂಗಿಲ್ಲಂತ್ರಿ. ನಾಲಗಿ ಉರೀತೈತಿ ಅಂತ ಬರೇ ಮಜ್ಜಿಗಿ ಅನ್ನ ಉಣ್ತಾಳ. ನಾಟಕೋ ಖರೇನೋ ನೋಡಿ ಹೇಳ್ರಿ, ತವರಿಗೆ ಕಳಸ್ತೀವಿ." ಹುಡುಗಿಯ ನಾಲಿಗೆ ನುಣ್ಣಗೆ, ಒರಟೇ ಇಲ್ಲದೆ ಹೊಳೆಯುತ್ತಿತ್ತು. ಮೈಯಲ್ಲಿ ರಕ್ತವಿರಲಿಲ್ಲ. ಸುಮ್ಮನೆ ಒಂದು ಅನುಮಾನ ಬಂದು, "ನೀವೂ ಒಂಚೂರು ನಾಲಗಿ ತಗೀರಿ ಯವ್ವಾ" ಎಂದೆ. ಅತ್ತೆಯ ನಾಲಿಗೆಯೂ ಹಾಗೆಯೇ ನುಣ್ಣಗಿತ್ತು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಇಬ್ಬರು. ಅವಳಿಗೂ ವರ್ಷಗಳಿಂದ ಉರಿಯುತ್ತಿತ್ತು. ತಾನೇ ಕುಟ್ಟಿದ ಖಾರ ತನಗೇ ತಾಳುವುದಿಲ್ಲ ಎಂದು ಅತ್ತೆಯಾದವಳು ಹೇಗೆ ಹೇಳಬೇಕು? ಇಬ್ಬರನ್ನೂ ರಕ್ತ ಪರೀಕ್ಷೆಗೆ ಕಳಿಸಿದೆ. ರಕ್ತ ಹೆಚ್ಚಿಸುವ ಒಂದೇ ಬಗೆಯ ಗುಳಿಗೆ ಇಬ್ಬರೂ ನುಂಗಿದರು, ತವರಿನ ಮಾತು ಅಲ್ಲಿಗೆ ಮುಗಿಯಿತು.

ನನಗೆ ನಾಲಿಗೆ ನೋಡುವುದನ್ನು ಕಲಿಸಿದವರು ಕಾಲೇಜಿನ ನಮ್ಮ ಹಿರಿಯ ಪ್ರೊಫೆಸರು. ಸಿಡುಕು ಮನುಷ್ಯ. ಬಾಯೊಳಗೆ ಹುಣ್ಣು ಕಂಡರೆ ವಿದ್ಯಾರ್ಥಿಗಳು ಪುಸ್ತಕದ ಹೆಸರುಗಳನ್ನು ಸರಸರ ಹೇಳುತ್ತಿದ್ದೆವು. ಅವರು ಕೇಳುತ್ತಿದ್ದದ್ದು ಒಂದೇ: "ಮುಟ್ಟಿ ನೋಡಿದಿಯೇನು?" ನೋಡಿಲ್ಲವೆಂದರೆ ಹೊರಗೆ ಕಳಿಸುತ್ತಿದ್ದರು. ಅರಿವೆಯ ತುಣುಕಿನಿಂದ ನಾಲಿಗೆಯ ತುದಿ ಹಿಡಿದು ಎಳೆ, ಬದಿ ನೋಡು, ಬೆರಳಿನಿಂದ ಅಂಚು ಒತ್ತು. ಮೆತ್ತಗಿದ್ದರೆ ಉಸಿರು ಬಿಡು, ಗಟ್ಟಿಯಿದ್ದರೆ ಮನೆಗೆ ಕಳಿಸಬೇಡ. ಇಷ್ಟೇ ಅವರ ಪಾಠ. ಈಗಿನವರು ನನಗೆ ವಾಟ್ಸಾಪಿನಲ್ಲಿ ನಾಲಿಗೆಯ ಫೋಟೋ ಕಳಿಸಿ, "ಮೇಡಮ್, ಏನಿರಬಹುದು?" ಎನ್ನುತ್ತಾರೆ. ಫೋಟೋ ಬಹಳ ಚೆನ್ನಾಗಿರುತ್ತದೆ. ಒತ್ತಿ ನೋಡಿದರೆ ಮೊಬೈಲಿನ ಗಾಜು ಗಟ್ಟಿಯಾಗಿ ಹತ್ತುತ್ತದೆ, ಅದರಿಂದ ನನಗೇನೂ ಗೊತ್ತಾಗುವುದಿಲ್ಲ.

ಇನ್ನು ವೀರಪ್ಪ.

ನಮ್ಮ ಭಾಗದಲ್ಲಿ ವೀರಭದ್ರ ಮನೆದೇವರಾಗಿರುವ ಮನೆಗಳಲ್ಲಿ ಮದುವೆಗೆ ಗುಗ್ಗಳ ಮಾಡುತ್ತಾರೆ. ಧೂಪ ಉರಿಯುವ ಗುಗ್ಗಳದ ಕೊಡ ಹೊತ್ತು ಮೆರವಣಿಗೆ ಹೊರಡುತ್ತದೆ. ಮುಂದೆ ಸಮಾಳ ವಾದ್ಯದ ಬಡಿತ, ಅದರ ಮುಂದೆ ಕಾವಿ ತೊಟ್ಟು, ರುದ್ರಾಕ್ಷಿ ಹಾಕಿ, ಕತ್ತಿ ಹಿಡಿದ ಪುರವಂತ. ಅವನು ದೇವರ ಒಡಪು ಹೇಳುತ್ತಾನೆ. ಒಡಪೆಂದರೆ ಉಸಿರು ಬಿಡದೆ ಗುಡುಗುವ ಸ್ತುತಿ. ಆವೇಶ ಏರಿದಾಗ ಕಬ್ಬಿಣದ ತೆಳು ಸಲಾಕೆಯನ್ನು, ಅದಕ್ಕೆ ಶಸ್ತ್ರ ಎನ್ನುತ್ತಾರೆ, ನಾಲಿಗೆಯ ನಟ್ಟನಡುವೆ ತೂರಿಸಿಕೊಳ್ಳುತ್ತಾನೆ. ನಾನೇ ಕಣ್ಣಾರೆ ಕಂಡಿದ್ದೇನೆ. ಒಂದು ಹನಿ ರಕ್ತ ಬರುವುದಿಲ್ಲ, ಹುಬ್ಬು ಕೂಡ ಅಲುಗುವುದಿಲ್ಲ. ವೀರಪ್ಪ ಮನೆತನದಿಂದ ಬಂದ ಪುರವಂತ. ಸುತ್ತ ಹತ್ತೂರಿನಲ್ಲಿ ಅವನಷ್ಟು ಜೋರಾಗಿ, ಅವನಷ್ಟು ಬೇಗ ಒಡಪು ಹೇಳುವವರಿರಲಿಲ್ಲ.

ಹೆಂಡತಿ ಗೌರವ್ವನ ಜೊತೆ ಬಂದು ಕುರ್ಚಿಯಲ್ಲಿ ಕೂತು, "ಹಲ್ಲು ನೂಸತೈತ್ರಿ" ಎಂದ.

"ಹಲ್ಲಲ್ರಿ ಬಾಯಾರ, ನಾಲಗಿ" ಎಂದಳು ಗೌರವ್ವ ಬಾಗಿಲ ಬಳಿಯಿಂದ.

"ಏ, ನೀ ಸುಮ್ನಿರು."

"ಸುಮ್ನಿದ್ದು ಸುಮ್ನಿದ್ದು ಇಷ್ಟ ದಿನ ಆತು. ಉಣ್ಣಾಕ ಆಗವಲ್ದು, ಒಡಪು ಹೇಳುವಾಗ ಬಾಯಿ ತೊದಲತೈತಿ. ಮಡಿ ತಪ್ಪೇತಿ, ಸ್ವಾಮಿ ಸಿಟ್ಟಾಗ್ಯಾನ ಅಂತ ಅಭಿಷೇಕ ಮಾಡಸ್ಕೊಂತ ಹೊಂಟಾನ್ರಿ."

ನಾಲಿಗೆ ಎಳೆದು ನೋಡಿದೆ. ನಡುವಿನಲ್ಲಿ ಶಸ್ತ್ರ ಹೋಗಿ ಬರುವ ಜಾಗ ಹಳೆಯ ಕಾಲುದಾರಿಯ ಹಾಗೆ ಚೊಕ್ಕವಾಗಿತ್ತು. ಹುಣ್ಣಿದ್ದದ್ದು ಬಲಬದಿಯಲ್ಲಿ, ಅರ್ಧ ಮುರಿದು ಚೂಪಾದ ದವಡೆ ಹಲ್ಲಿನ ಎದುರಿಗೆ, ತಂಬಾಕು ಸುಣ್ಣ ತಿಕ್ಕಿ ಇಟ್ಟುಕೊಳ್ಳುವ ಮಗ್ಗುಲಿಗೇ.

"ಸ್ವಾಮಿ ಸಿಟ್ಟಾಗಿದ್ರ ನಡುವ ಹುಣ್ಣು ಎಬ್ಬಸ್ತಿದ್ದ ವೀರಪ್ಪ. ಬಾಜೂಕ ಸಿಟ್ಟಾಗಿದ್ದು ನಿನ್ನ ದವಡಿ ಹಲ್ಲು" ಎಂದೆ. ಹಲ್ಲು ಮಸೆದು ನುಣುಪು ಮಾಡಿದೆ, ತಂಬಾಕು ಬಿಡು ಎಂದೆ, ಎರಡು ವಾರ ಬಿಟ್ಟು ತಪ್ಪದೆ ಬಾ ಎಂದೆ. ಕಾರಣ ತೆಗೆದ ಮೇಲೆ ಎರಡು ವಾರದಲ್ಲಿ ಮಾಯದ ಹುಣ್ಣನ್ನು ನಂಬಬಾರದು. ಇದು ಪುಸ್ತಕದಲ್ಲೂ ಇದೆ, ಮರೆಯಬೇಡಿ. ವೀರಪ್ಪ ಎರಡು ವಾರಕ್ಕೆ ಬರಲಿಲ್ಲ, ಮದುವೆಯ ಹಂಗಾಮು ಮುಗಿಸಿಕೊಂಡು ಬಂದ. ನೋವು ಕಡಿಮೆಯಾಗಿದೆ ಎಂದು ಖುಷಿಯಲ್ಲಿದ್ದ. ನಾನು ಅಂಚನ್ನು ಒತ್ತಿದೆ. ಬೆರಳಿಗೆ ಹುಣಸೆಬೀಜ ಹತ್ತಿದ ಹಾಗಾಯಿತು.

ಮುಖದ ಮೇಲೆ ಏನೂ ತೋರಿಸದೆ, "ಒಂದು ಸಣ್ಣ ತುಣುಕು ತಗದು ಪರೀಕ್ಷೆಕ ಕಳಸ್ಬೇಕು. ಸೂಜಿ ಕೊಡ್ತೇನಿ, ನೂಸೂದಿಲ್ಲ" ಎಂದೆ.

ವೀರಪ್ಪ ಕುರ್ಚಿಯಿಂದ ಎದ್ದು ನಿಂತ. "ಸೂಜಿ ಬ್ಯಾಡ್ರಿ. ಸೂಜಿ ಅಂದ್ರ ನನಗ ಅಗದಿ ಆಗಂಗಿಲ್ಲ."

ನನ್ನ ದವಾಖಾನೆಯಲ್ಲಿ ಮೊದಲಿನಿಂದಲೂ ಸಹಾಯಕರಾಗಿದ್ದ ಹುಸೇನಸಾಬರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನಗಲು ಶುರು ಮಾಡಿದರು. "ಅಲ್ಲೋ ಮಾರಾಯಾ, ಮೊಳದುದ್ದ ಸಲಾಕಿ ತೂರಸ್ಕೊಂತಿ. ಬೆಳ್ಳುದ್ದ ಸೂಜಿಗೆ ಅಂಜತಿ?"

ವೀರಪ್ಪ ನಗಲಿಲ್ಲ. "ಕಾಕಾ, ಆವಾಗ ನಾ ಇರಂಗಿಲ್ಲ. ಅವ ಇರ್ತಾನ. ಈ ಕುರ್ಚಿ ಮ್ಯಾಲೆ ಕುಂತಾಗ ನಾ ಬರೇ ವೀರಪ್ಪ."

ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡು ಹೊರಟೇ ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಎಷ್ಟು ಓದಿ, ಎಷ್ಟು ವರ್ಷ ಕೈ ಪಳಗಿಸಿ, ಕಡೆಗೆ ಒಂದು ಸೂಜಿಯ ಮುಂದೆ ಮನುಷ್ಯ ಎದ್ದು ಹೋಗುತ್ತಾನೆ. ಕೆಟ್ಟ ಗಂಟೊಂದು ಅವನ ಬಾಯಿಯಲ್ಲಿ ಕೂತು ಊರೂರು ತಿರುಗುತ್ತಿದೆ ಎಂದು ನನಗೆ ಗೊತ್ತಿತ್ತು. ತಡವಾದರೆ ನಾಲಿಗೆಯಷ್ಟೇ ಅಲ್ಲ, ಆಳೇ ಹೋಗುತ್ತಾನೆ.

ಮರುದಿನ ಗೌರವ್ವ ಒಬ್ಬಳೇ ಬಂದಳು. ಸುತ್ತಿ ಬಳಸಿ ಮಾತಾಡುವ ಹೆಂಗಸಲ್ಲ. "ಕೆಟ್ಟ ಬ್ಯಾನಿ ಏನ್ರಿ?"

"ಇರಬೌದು ಅಂತ ಅಂಜಿಕಿ ಐತೆವ್ವಾ. ತುಣುಕು ತಗೀದ ಹೇಳಾಕ ಬರೂದಿಲ್ಲ."

ಸೆರಗಿನ ತುದಿ ತಿರುವುತ್ತ, "ಅವ ಬರೂವಂಗ ಮಾಡಿದ್ರ?" ಎಂದಳು. ಯಾರು ಎಂದು ನಾನು ಕೇಳಲಿಲ್ಲ. ವೀರಪ್ಪನ ಮೈಮೇಲೆ ಬರುವವನೆಂದು ಅರ್ಥವಾಗಿತ್ತು.

ಹೀಗೆ ನನ್ನ ದವಾಖಾನೆಯಲ್ಲಿ ಒಂದು ಸೋಮವಾರ ನಡೆದದ್ದನ್ನು ನನ್ನ ಪ್ರೊಫೆಸರು ಕಂಡಿದ್ದರೆ ನನ್ನ ಪದವಿ ವಾಪಸು ಕೇಳುತ್ತಿದ್ದರು. ವೀರಪ್ಪ ಉಪವಾಸವಿದ್ದು, ಜಳಕ ಮಾಡಿ, ಮೈತುಂಬ ವಿಭೂತಿ ಹಚ್ಚಿ, ಪೂರ್ತಿ ವೇಷದಲ್ಲಿ ಬಂದ. ಹಿಂದೆ ಸಮಾಳದವನು. ಅದರ ಹಿಂದೆ ಬಸ್ಸಿಗೆ ಕಾದಿದ್ದ ಜನ, ಬಸ್ ಬಂದರೂ ಹತ್ತದೆ. ಗೌರವ್ವ ಮುಂಚೆಯೇ ಬಂದು ನನ್ನ ಕಿವಿಯಲ್ಲಿ, "ಬಾಯಾರ, ನಿಮ್ಮದು ಜಳಕ ಆಗೇತಿಲ್ಲೋ?" ಎಂದು ಕೇಳಿದ್ದಳು. ಸಲಕರಣೆಗಳನ್ನೆಲ್ಲ ಕುದಿಸಿ ಶುದ್ಧ ಮಾಡುವ ನನಗೆ ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಆಗಿದೆ ಎಂದೆ, ಹಣೆಗೆ ವಿಭೂತಿ ಹಚ್ಚಿಸಿಕೊಂಡೆ. ಹುಸೇನಸಾಬರು ಕತ್ತಿಯನ್ನು ಇಸಿದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಹಲ್ಲಿನ ಅಚ್ಚುಗಳ ಕಪಾಟಿನಲ್ಲಿ ನಿಲ್ಲಿಸಿದರು.

ತೊಡಕು ಬಂದದ್ದು ಆಮೇಲೆ. ಒಡಪು ಹೇಳಿದರೆ ಆವೇಶ ಬರುತ್ತದೆ. ಆದರೆ ನಾಲಿಗೆ ನನ್ನ ಕೈಯಲ್ಲಿರುವಾಗ ವೀರಪ್ಪ ಒಡಪು ಹೇಳುವುದು ಹೇಗೆ? ನನ್ನ ಮುಖ ಸಮಾಳದವನು ನೋಡಿದ, ಅವನ ಮುಖ ನಾನು ನೋಡಿದೆ. ಆಗ ಗೌರವ್ವ ಕುರ್ಚಿಯ ಹಿಂದೆ ಬಂದು ನಿಂತು ಹೇಳತೊಡಗಿದಳು. ಹೆಂಗಸರು ಒಡಪು ಹೇಳುವ ರೂಢಿಯಿಲ್ಲ. ಎಷ್ಟು ವರ್ಷ ಒಲೆಯ ಮುಂದೆ ಕೂತು ಗಂಡನ ತಾಲೀಮು ಕೇಳಿದ್ದಳೋ, ಒಂದು ಶಬ್ದ ತಪ್ಪಲಿಲ್ಲ. ಸಮಾಳ ಏರಿತು. ವೀರಪ್ಪನ ಕಣ್ಣು ಮೇಲಕ್ಕೆ ಹೋದವು, ತಾನಾಗಿಯೇ ನಾಲಿಗೆ ಚಾಚಿದ.

"ಹರ ಹರ ಮಹಾದೇವ!" ಎಂದು ಎಲ್ಲರಿಗಿಂತ ಮೊದಲು ಕೂಗಿದವರು ಹುಸೇನಸಾಬರು.

ಸೂಜಿ ಹೋಯಿತು. ತುಣುಕು ಬಂತು. ಎರಡು ಹೊಲಿಗೆ ಹಾಕಿದೆ. ಅವನು ಬಂದಿದ್ದನೋ ಇಲ್ಲವೋ ನಾನು ಸಾಕ್ಷಿ ಹೇಳಲಾರೆ; ವೀರಪ್ಪನ ಹುಬ್ಬು ಮಾತ್ರ ಅಲುಗಲಿಲ್ಲ. ತುಣುಕಿನ ಬಾಟಲಿಯನ್ನು ಮೇಜಿನ ಮೇಲಿಟ್ಟು ಕೈ ತೊಳೆದು ಬರುವುದರೊಳಗೆ ಯಾರೋ ಅದರ ಮುಂದೆ ಊದಿನಕಡ್ಡಿ ಹಚ್ಚಿದ್ದರು. ಹೊಸ್ತಿಲಲ್ಲಿ ಕಾಯಿ ಒಡೆದಿದ್ದರು. ಹಲ್ಲು ಕೀಳಿಸಲು ಕಾದಿದ್ದ ಮುದುಕನೊಬ್ಬ, "ನನಗೂ ಬಾರಸ್ತೀರೇನ್ರಿ?" ಎಂದು ಕೇಳಿದ.

ವರದಿ ಕೆಟ್ಟದ್ದೇ ಬಂತು. ಆದರೆ ಮೊದಲ ಹಂತ, ಕುತ್ತಿಗೆಗೆ ಇಳಿದಿರಲಿಲ್ಲ. ಹುಬ್ಬಳ್ಳಿಯ ದೊಡ್ಡ ದವಾಖಾನೆಯಲ್ಲಿ ನಾಲಿಗೆಯ ಬಲಗಡೆಯ ಒಂದು ಭಾಗ ಕತ್ತರಿಸಿದರೆ ಆಳು ಉಳಿಯುತ್ತಾನೆ. ಇಬ್ಬರನ್ನೂ ಕೂರಿಸಿ ಹೇಳಿದೆ. ಇಂಥದ್ದನ್ನು ಹೇಳುವ ಬಗೆಯನ್ನು ನಮಗೆ ಯಾವ ಕಾಲೇಜಿನಲ್ಲೂ ಕಲಿಸಲಿಲ್ಲ. ಹೇಳಿ ಮುಗಿಸಿದ ಮೇಲೆ ಸುಮ್ಮನಿರಬೇಕು ಎಂಬುದಷ್ಟನ್ನು ನಾನಾಗಿ ಕಲಿತೆ.

ವೀರಪ್ಪ, "ಹುಬ್ಬಳ್ಯಾಗ ಸಮಾಳ ಬಿಡ್ತಾರೇನ್ರಿ?" ಎಂದ.

"ಬಿಡೂದಿಲ್ಲ. ಅಲ್ಲಿ ಪೂರ್ತಿ ನಿದ್ದಿ ಬರಸ್ತಾರ. ಅಲ್ಲಿ ಸುದ್ದಾ ನೀ ಇರಂಗಿಲ್ಲ."

"ನಾ ಇರಂಗಿಲ್ಲ, ಅವನನ್ನೂ ಬಿಡಂಗಿಲ್ಲ." ಅವನ ದನಿ ಸಣ್ಣಗಾಯಿತು. "ಹಂಗಾರ ಯಾರ ಇರ್ತಾರ್ರಿ ಅಲ್ಲಿ?"

ಗೌರವ್ವ ಚೀಲ ಎತ್ತಿಕೊಂಡು ಎದ್ದಳು. "ನಾ ಇರ್ತೇನಿ. ನಡಿ" ಎಂದಳು.

ಅವರು ಹೋದ ಮೇಲೆ ನಾನು ಪರದೆಯ ಹಿಂದೆ ಹೋಗಿ ಅತ್ತುಬಿಟ್ಟೆ. ಹುಸೇನಸಾಬರು ಒಂದು ಕಪ್ ಚಹಾ ತಂದಿಟ್ಟು, ಏನೂ ಕಾಣದವರ ಹಾಗೆ ಹೊರಗೆ ಹೋದರು.

ಶಸ್ತ್ರಚಿಕಿತ್ಸೆ ಆಯಿತು. ವೀರಪ್ಪ ತಿಂಗಳುಗಟ್ಟಲೆ ಗಂಜಿ ಕುಡಿದು, ಕೂಸಿನ ಹಾಗೆ ಅಕ್ಷರಗಳನ್ನು ಮೊದಲಿನಿಂದ ಕಲಿತ. ಮನೆಯಲ್ಲಿ ಗೌರವ್ವ ಹೇಳುವುದು, ಅವನು ಅನ್ನುವುದು. ಮೊದಮೊದಲು ತಪಾಸಣೆಗೆ ಬರುತ್ತಿದ್ದ. ನಾನು ಬಾಗಿಲು ಹಾಕಿದ ಮೇಲೆ ಹುಬ್ಬಳ್ಳಿಗೆ ಹೋಗು ಎಂದು ಹೇಳಿ ಕಳಿಸಿದೆ. ಹೂಂ ಎಂದಿದ್ದ. ಅವನ ಹೂಂ ಎಷ್ಟರದು ಎಂದು ನನಗೆ ಗೊತ್ತಿತ್ತು. ಮನೆಯಲ್ಲಿ ಕೂತರೂ ಅದೊಂದು ಚಿಂತೆ ಬಿಡಲಿಲ್ಲ. ಇಂಥ ರೋಗ ಮರಳಿ ಬರುವುದುಂಟು.

ಹೋದ ವರ್ಷ ಪರಿಚಯದವರ ಮನೆಯ ಮದುವೆಗೆ ಹೋಗಿದ್ದೆ. ಗುಗ್ಗಳ ಹೊರಟಿತ್ತು. ಮುಂದೆ ಕಾವಿ ತೊಟ್ಟವನು ವೀರಪ್ಪ. ಶಸ್ತ್ರ ಬಿಟ್ಟಿದ್ದ, ನಾಲಿಗೆಯಲ್ಲಿ ಅದಕ್ಕೆ ಎಡೆ ಉಳಿದಿರಲಿಲ್ಲ. ಒಡಪು ಬಿಟ್ಟಿರಲಿಲ್ಲ. ಮೊದಲಿನ ವೇಗ ಇರಲಿಲ್ಲ. ಒಂದೊಂದು ಮಾತನ್ನೂ ತಡೆದು, ಎತ್ತಿ ಇಟ್ಟ ಹಾಗೆ ಹೇಳುತ್ತಿದ್ದ. ಕೆಲವು ಅಕ್ಷರ ಜಾರುತ್ತಿದ್ದವು. ನನಗೆ ಸಂಕಟವಾಗುತ್ತಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ಬಾಗಿ, "ಈಗ ಚಲೋ ಹೇಳ್ತಾನ ನೋಡ್ರಿ. ಮೊದಲ ಗಡಗಡ ಅಂತಿದ್ದ, ಏನ್ ಅಂತಾನ ಅಂತ ತಿಳೀತಿರಲಿಲ್ಲ. ಈಗ ಎಲ್ಲಾ ತಿಳೀತೈತಿ" ಎಂದರು.

ಓಣಿಯ ತಿರುವಿನಲ್ಲಿ ಮೆರವಣಿಗೆ ನಿಂತಾಗ ಅವನ ಕಣ್ಣಿಗೆ ನಾನು ಬಿದ್ದೆ. ಹುಬ್ಬಳ್ಳಿಗೆ ಹೋದೆಯಾ ಎಂದು ನಾನು ಕಣ್ಣಿನಲ್ಲೇ ಕೇಳಿರಬೇಕು. ಕತ್ತಿಯನ್ನು ಬಗಲಿಗೆ ಒತ್ತಿಕೊಂಡು ನೆಟ್ಟಗೆ ನನ್ನ ಮುಂದೆ ಬಂದು ನಿಂತ, ಬಾಯಿ ತೆರೆದು ನಾಲಿಗೆ ಚಾಚಿದ. ಸ್ವಾಮಿ ನಾಲಿಗೆ ಚಾಚಿದ್ದಾನೆ ಎಂದು ಸುತ್ತ ನಿಂತವರು ತಟ್ಟನೆ ಕೈ ಮುಗಿದರು. "ಹರ ಹರ ಮಹಾದೇವ" ಎಂಬ ಕೂಗು ಎದ್ದಿತು. ಅವನ ಹಿಂದೆ ಗೌರವ್ವ ನಿಂತಿದ್ದಳು. ಅವಳು ಕೈ ಮುಗಿದಿರಲಿಲ್ಲ, ಕೂಗಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು.

ಬೆರಳು ತಂಬಿಗೆಯ ನೀರಿನಲ್ಲಿ ತೊಳೆದುಕೊಂಡೆ. ಸೆರಗಿನಿಂದ ನಾಲಿಗೆಯ ತುದಿ ಹಿಡಿದು, ಬಲಗಡೆಯ ಅಂಚನ್ನು ಹಿಂದಿನಿಂದ ಮುಂದಕ್ಕೆ ಒತ್ತುತ್ತ ಬಂದೆ.

"ಮೆತ್ತಗೈತಿ ಗೌರವ್ವಾ" ಎಂದೆ.